ಎಪ್ಪತ್ತು ಲಕ್ಷದ ಕಾರಿಗೆ ಚೌಕಾಸಿ ಮಾಡಬಹುದೇ?

ಪ್ರಶ್ನೆ:



ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರ, ವಯಸ್ಸು ನಲವತ್ತೆಂಟು. ಈಚೆಗೆ ಕಾಫಿಗೆ ಒಳ್ಳೆಯ ಬೆಲೆ ಸಿಕ್ಕಿದ್ದರಿಂದ ಹಳೆಯ ಸಾಲವೆಲ್ಲ ತೀರಿತು. ಅಪ್ಪನಿಗೆ ಸೊಂಟದ ಶಸ್ತ್ರಚಿಕಿತ್ಸೆ ಆಗಿದೆ. ತಿಂಗಳಿಗೊಮ್ಮೆಯಾದರೂ ಮಂಗಳೂರಿಗೋ ಬೆಂಗಳೂರಿಗೋ ಕರೆದುಕೊಂಡು ಹೋಗಬೇಕು. ನಮ್ಮ ಹಳೆಯ ಇನ್ನೋವಾದಲ್ಲಿ ಘಾಟಿ ಇಳಿಯುವಾಗ ಅವರಿಗೆ ಬಹಳ ನೋವಾಗುತ್ತದೆ. ಹಾಗಾಗಿ ಒಂದು ಐಷಾರಾಮಿ ಎಸ್‌ಯುವಿ ಕೊಳ್ಳೋಣವೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದೆವು.

ಬೆಂಗಳೂರಿನ ಒಂದು ಶೋರೂಂಗೆ ಹೋಗಿದ್ದೆ. ಬಹಳ ಆದರದಿಂದ ಮಾತಾಡಿಸಿದರು. ಆಮೇಲೆ ಒಂದು ಹಾಳೆ ಕೊಟ್ಟರು: ಎಕ್ಸ್-ಶೋರೂಂ 70 ಲಕ್ಷ, ರಸ್ತೆ ತೆರಿಗೆ 14 ಲಕ್ಷ, ಟಿಸಿಎಸ್ 70 ಸಾವಿರ, ವಿಮೆ 3.40 ಲಕ್ಷ, ಹ್ಯಾಂಡ್ಲಿಂಗ್ 45 ಸಾವಿರ, ಆಕ್ಸೆಸರಿ ಕಿಟ್ 1.20 ಲಕ್ಷ, ವಾರಂಟಿ ಮತ್ತು ಸರ್ವಿಸ್ ಪ್ಯಾಕೇಜ್ 2.25 ಲಕ್ಷ. ಒಟ್ಟು ಆನ್‌ರೋಡ್ 92 ಲಕ್ಷ. ಕಡಿಮೆ ಮಾಡಿ ಎಂದರೆ, ‘ಇದು ವಿದೇಶಿ ಗಾಡಿ ಸರ್, ಇದಕ್ಕೆ ಡಿಸ್ಕೌಂಟ್ ಇರಲ್ಲ’ ಎಂದರು. ವಿಮೆ ಅವರಲ್ಲೇ ಮಾಡಿಸಬೇಕಂತೆ. ಹೊರಡುವ ಹೊತ್ತಿಗೆ ಮ್ಯಾನೇಜರ್ ಬಂದು, ಇವತ್ತೇ ಬುಕ್ ಮಾಡಿದರೆ ಎರಡು ಲಕ್ಷ ಬಿಡುತ್ತೇವೆ, ನಾಳೆ ಈ ಆಫರ್ ಇರುವುದಿಲ್ಲ ಎಂದರು.

ಬೆಂಗಳೂರಿನಲ್ಲಿರುವ ನನ್ನ ಭಾವ, ‘ಇಷ್ಟು ದೊಡ್ಡ ಗಾಡಿ ಕೊಳ್ಳುವವರು ಚೌಕಾಸಿ ಮಾಡಿದರೆ ಮರ್ಯಾದೆ ಹೋಗುತ್ತದೆ’ ಎನ್ನುತ್ತಾರೆ. ಸಕಲೇಶಪುರದ ಸ್ನೇಹಿತರೊಬ್ಬರು ಇದೇ ಗಾಡಿಗೆ ಆರು ಲಕ್ಷ ಕಡಿಮೆ ಮಾಡಿಸಿಕೊಂಡೆ ಎನ್ನುತ್ತಾರೆ. ನನ್ನ ಹೆಂಡತಿಗೆ ಎಲ್ಲಿ ಮೋಸ ಹೋಗುತ್ತೇವೋ ಎಂಬ ಭಯ. ನನಗಂತೂ ಆ ಗಾಜಿನ ಕಟ್ಟಡದೊಳಗೆ ಕಾಲಿಟ್ಟರೆ ಬಾಯೇ ಬರುವುದಿಲ್ಲ. ನ್ಯಾಯವಾದ ಬೆಲೆ ಯಾವುದು, ಅದನ್ನು ಕೇಳುವುದು ಹೇಗೆ?

— ಒಬ್ಬ ಬೆಳೆಗಾರ, ಚಿಕ್ಕಮಗಳೂರು ಜಿಲ್ಲೆ

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಂದು ದುಡ್ಡಿನದು, ಇನ್ನೊಂದು ಮರ್ಯಾದೆಯದು. ಮರ್ಯಾದೆಯ ಚಿಂತೆ ಬಗೆಹರಿಯದೆ ದುಡ್ಡಿನ ಮಾತು ನಿಮ್ಮ ಬಾಯಿಂದ ಹೊರಡುವುದಿಲ್ಲ. ಆದ್ದರಿಂದ ಮೊದಲು ಅದನ್ನೇ ನೋಡೋಣ.

ನೀವು ಪ್ರತಿ ವರ್ಷ ಕಾಫಿ ಮಾರುತ್ತೀರಿ. ಮೂಟೆಯ ತೂಕ, ತೇವಾಂಶ, ಔಟ್‌ಟರ್ನ್ (ಸಿಗುವ ಹಸನಾದ ಬೀಜದ ಪ್ರಮಾಣ) ನೋಡದೆ ಯಾವ ವ್ಯಾಪಾರಿಯೂ ನಿಮಗೆ ಬೆಲೆ ಹೇಳುವುದಿಲ್ಲ. ಆ ದಿನದ ದರ ವಿಚಾರಿಸದೆ ನೀವೂ ಒಪ್ಪುವುದಿಲ್ಲ. ಅದರಿಂದ ಅವರ ಮರ್ಯಾದೆಯೂ ಹೋಗಿಲ್ಲ, ನಿಮ್ಮದೂ ಹೋಗಿಲ್ಲ. ವರ್ಷವಿಡೀ ಬಿಸಿಲು ಮಳೆಯಲ್ಲಿ ದುಡಿದ ಬೆಳೆಯನ್ನು ಅಷ್ಟು ಎಚ್ಚರದಿಂದ ಮಾರುವವರು ಅದರಿಂದ ಬಂದ ಹಣವನ್ನು ಲೆಕ್ಕ ಕೇಳದೆ ಕೊಟ್ಟು ಬರಬೇಕೇ? ಕಾರಿನ ಶೋರೂಂ ಕೂಡ ಒಂದು ವ್ಯಾಪಾರದ ಜಾಗ. ಅಲ್ಲಿ ಕುಳಿತಿರುವ ಮ್ಯಾನೇಜರಿಗೆ ಲೆಕ್ಕ ಕೇಳುವ ಗಿರಾಕಿ ಹೊಸಬನಲ್ಲ. ಕಂಪನಿ ಕೊಂಡು ನಡೆಸುವ ಉದ್ಯಮಿಗಳು, ಡಾಕ್ಟರುಗಳು, ಕಂಟ್ರಾಕ್ಟರುಗಳು ದಿನವೂ ಅವರ ಎದುರು ಕೂತು ಒಂದೊಂದು ಸಾಲನ್ನೂ ಪ್ರಶ್ನಿಸುತ್ತಾರೆ. ನಿಮ್ಮ ಭಾವನವರ ಮಾತಿನ ಹಿಂದೆ ಪ್ರೀತಿ ಇರಬಹುದು. ಆದರೆ ಆ ಮಾತು ಸರಿಯಲ್ಲ.

ಹಾಗೆಂದು ಹಟ ಹಿಡಿದು ಕೂರಬೇಕಿಲ್ಲ, ದನಿ ಎತ್ತಬೇಕಿಲ್ಲ, ಸುಳ್ಳು ಹೇಳಬೇಕಿಲ್ಲ. ಯಾವ ರೂಪಾಯಿ ಯಾರಿಗೆ ಹೋಗುತ್ತದೆ ಎಂಬುದು ನಿಮಗೆ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ನೀವು ಕೊಟ್ಟ ಅಂಕಿಗಳನ್ನೇ ಮುಂದಿಟ್ಟುಕೊಂಡು ಬಿಡಿಸಿ ಹೇಳುತ್ತೇನೆ.

ಹಾಳೆಯನ್ನು ಮೂರು ಪಾಲು ಮಾಡಿ

92 ಲಕ್ಷ ಎಂಬ ಒಂದೇ ಮೊತ್ತವನ್ನು ನೋಡುತ್ತಾ ಕೂತರೆ ಎಲ್ಲಿ ಕೈ ಹಾಕಬೇಕೆಂದು ತಿಳಿಯುವುದಿಲ್ಲ. ಅದರಲ್ಲಿ ಸರ್ಕಾರದ ಪಾಲು ಬೇರೆ, ವಿಮೆಯ ಪಾಲು ಬೇರೆ, ಶೋರೂಂ ಮತ್ತು ಕಂಪನಿಯ ಪಾಲು ಬೇರೆ.

ಸರ್ಕಾರದ ಪಾಲಿನಲ್ಲಿ ಚೌಕಾಸಿಗೆ ಜಾಗವಿಲ್ಲ, ಆದರೆ ಸರಿಯಾಗಿದೆಯೇ ಎಂದು ನೋಡಲೇಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18. ಆ ತೆರಿಗೆಯ ಮೇಲೆ ಶೇ 11ರಷ್ಟು ಸೆಸ್ ಸೇರಿ ಹತ್ತಿರ ಹತ್ತಿರ ಶೇ 20 ಆಗುತ್ತದೆ. 70 ಲಕ್ಷಕ್ಕೆ 14 ಲಕ್ಷ ಎಂದು ಅವರು ಬರೆದಿರುವುದು ಸರಿಯಾಗಿಯೇ ಇದೆ. ಈ ಹಣ ಸಾರಿಗೆ ಇಲಾಖೆಗೆ ಹೋಗುತ್ತದೆ. ಕಟ್ಟಿದ ಮೇಲೆ ಇಲಾಖೆಯ ರಸೀದಿಯನ್ನೇ ಕೇಳಿ ಪಡೆಯಿರಿ. ಶೋರೂಂ ಬರೆದ ಮೊತ್ತಕ್ಕೂ ರಸೀದಿಯ ಮೊತ್ತಕ್ಕೂ ವ್ಯತ್ಯಾಸವಿದ್ದರೆ ಆ ಹಣ ನಿಮಗೆ ವಾಪಸು ಬರಬೇಕು.

ಈ ತೆರಿಗೆ ಉಳಿಸಲು ಪುದುಚೇರಿಯಲ್ಲೋ ಇನ್ನೊಂದು ರಾಜ್ಯದಲ್ಲೋ ನೋಂದಣಿ ಮಾಡಿಸಿ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಹೀಗೆ ಹೊರರಾಜ್ಯದ ನಂಬರ್ ಹಾಕಿಕೊಂಡು ಇಲ್ಲೇ ಓಡುತ್ತಿದ್ದ ದುಬಾರಿ ಕಾರುಗಳನ್ನು ಸಾರಿಗೆ ಇಲಾಖೆ 2025ರಲ್ಲಿ ಬೆಂಗಳೂರಿನಲ್ಲಿ ವಶಕ್ಕೆ ತೆಗೆದುಕೊಂಡು ತೆರಿಗೆ ವಸೂಲು ಮಾಡಿದೆ.

70 ಸಾವಿರದ ಟಿಸಿಎಸ್ ಬಗ್ಗೆ ನಿಮಗೆ ಯಾರೂ ಸರಿಯಾಗಿ ಹೇಳಿದಂತಿಲ್ಲ. 10 ಲಕ್ಷ ಮೀರಿದ ಕಾರನ್ನು ಮಾರುವಾಗ ಡೀಲರ್ ಶೇ 1ರಷ್ಟು ಹಣವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟಬೇಕು. ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗುತ್ತದೆ, ನಿಮ್ಮ ವಾರ್ಷಿಕ ತೆರಿಗೆ ವಿವರದಲ್ಲಿ ಕಾಣಿಸುತ್ತದೆ. ರಿಟರ್ನ್ ಸಲ್ಲಿಸಿದಾಗ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆಯುತ್ತಾರೆ, ಹೆಚ್ಚಾಗಿದ್ದರೆ ಮರಳಿಸುತ್ತಾರೆ. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ ಕಾರಣ ಎಷ್ಟೋ ಬೆಳೆಗಾರರು ರಿಟರ್ನ್ ಸಲ್ಲಿಸುವುದೇ ಇಲ್ಲ, ಈ ಹಣ ಹಾಗೆಯೇ ಉಳಿದುಬಿಡುತ್ತದೆ. ನೀವು ಕಾಫಿಯನ್ನು ಸಂಸ್ಕರಿಸಿ ಮಾರುವವರಾದರೆ ಆದಾಯದ ಒಂದು ಭಾಗಕ್ಕೆ ತೆರಿಗೆ ಇರುತ್ತದೆ, ಆಗಲೂ ಈ ಹಣ ಅಲ್ಲಿಗೆ ಹೊಂದಿಕೊಳ್ಳುತ್ತದೆ. ನಿಮ್ಮ ಲೆಕ್ಕಪರಿಶೋಧಕರಿಗೆ ಈಗಲೇ ಒಂದು ಮಾತು ಹೇಳಿಡಿ.

ಎಕ್ಸ್-ಶೋರೂಂ ಬೆಲೆಗೆ ತೆರಿಗೆ ಮತ್ತು ಟಿಸಿಎಸ್ ಸೇರಿಸಿದರೆ 84.70 ಲಕ್ಷವಾಯಿತು. ಉಳಿದ 7.30 ಲಕ್ಷವನ್ನು ನೋಡಿ: ವಿಮೆ, ಹ್ಯಾಂಡ್ಲಿಂಗ್, ಆಕ್ಸೆಸರಿ, ಪ್ಯಾಕೇಜ್. ಕಾರಿನ ಬೆಲೆಯ ಮಾತೆತ್ತುವ ಮೊದಲೇ ಇಷ್ಟು ಹಣದ ತೀರ್ಮಾನ ನಿಮ್ಮ ಕೈಯಲ್ಲಿದೆ.

ವಿಮೆ ಎಲ್ಲಿ ಬೇಕಾದರೂ ಮಾಡಿಸಬಹುದು

ವಿಮೆಯನ್ನು ಶೋರೂಂನಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ. ಯಾವ ಕಂಪನಿಯಿಂದ, ಯಾರ ಮೂಲಕ ಮಾಡಿಸಬೇಕೆಂಬ ಆಯ್ಕೆ ವಾಹನದ ಮಾಲೀಕರದು. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವೂ ಅದನ್ನೇ ಹೇಳುತ್ತದೆ. ‘ಹೊರಗೆ ಮಾಡಿಸಿದರೆ ಕ್ಯಾಶ್‌ಲೆಸ್ ಸಿಗಲ್ಲ’ ಎಂದು ಹೆದರಿಸಿದರೆ, ನೀವು ಆರಿಸಿದ ವಿಮಾ ಕಂಪನಿಯನ್ನೇ ಕೇಳಿ. ಆ ಸರ್ವಿಸ್ ಸೆಂಟರ್ ಅವರ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ಅವರೇ ಲಿಖಿತವಾಗಿ ತಿಳಿಸುತ್ತಾರೆ.

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 1500 ಸಿಸಿಗಿಂತ ದೊಡ್ಡ ಎಂಜಿನ್‌ನ ಕಾರಿಗೆ ಅದರ ಕಂತು ಜಿಎಸ್‌ಟಿ ಬಿಟ್ಟು 24,596 ರೂಪಾಯಿ ಎಂದು 2022ರ ಜೂನ್‌ನಲ್ಲಿ ನಿಗದಿಯಾಯಿತು. ಇದು ಎಲ್ಲ ಕಂಪನಿಗಳಿಗೂ ಒಂದೇ. ವ್ಯತ್ಯಾಸವೆಲ್ಲ ಇರುವುದು ನಿಮ್ಮ ಗಾಡಿಯ ಸ್ವಂತ ಹಾನಿಯ ವಿಮೆಯಲ್ಲಿ. ಅದಕ್ಕೆ ಕನಿಷ್ಠ ಮೂರು ಕಡೆ ದರ ಕೇಳಿ. ಹೋಲಿಸುವಾಗ ಗಾಡಿಯ ಘೋಷಿತ ಮೌಲ್ಯ, ಅಂದರೆ ಐಡಿವಿ, ಎಲ್ಲದರಲ್ಲೂ ಒಂದೇ ಇರಬೇಕು. ಐಡಿವಿ ಇಳಿಸಿ ಕಂತು ಕಡಿಮೆ ತೋರಿಸುವುದು ಸುಲಭ, ಆದರೆ ಗಾಡಿ ಕಳುವಾದ ದಿನ ನಷ್ಟ ನಿಮ್ಮದಾಗುತ್ತದೆ.

ಝೀರೋ ಡೆಪ್ರಿಸಿಯೇಷನ್ (ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ವಿಮೆ) ಮತ್ತು ಎಂಜಿನ್ ರಕ್ಷಣೆ, ಈ ಎರಡನ್ನು ಬಿಡಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರಿನ ಸುತ್ತ ನೀರು ನಿಂತಾಗ ಎಷ್ಟೋ ದುಬಾರಿ ಕಾರುಗಳು ಮುಳುಗಿದ್ದವು. ಎಂಜಿನ್‌ಗೆ ನೀರು ನುಗ್ಗಿ ಕೆಟ್ಟರೆ ಸಾಧಾರಣ ವಿಮೆ ಅದರ ದುರಸ್ತಿ ಖರ್ಚು ಕೊಡುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಓಡಾಡುವ ನಿಮಗೆ ಇದು ಅಗತ್ಯ. ಹೊರಗಿನ ದರ ಹಿಡಿದು ಶೋರೂಂಗೆ ಹೋಗಿ ತೋರಿಸಿ, ಬಹಳಷ್ಟು ಸಲ ಅವರೇ ಅದಕ್ಕೆ ಸಮ ಮಾಡುತ್ತಾರೆ. ಸಮ ಮಾಡಿದರೆ ಅಲ್ಲೇ ಮಾಡಿಸಿ, ತಪ್ಪೇನಿಲ್ಲ.

ಹ್ಯಾಂಡ್ಲಿಂಗ್, ಕಿಟ್, ಪ್ಯಾಕೇಜ್

ಕಾರ್ಖಾನೆಯಿಂದ ಶೋರೂಂವರೆಗೆ ಗಾಡಿ ತರುವ, ನಿಮ್ಮ ಕೈಗೊಪ್ಪಿಸುವ ಮೊದಲು ತೊಳೆದು ಪರೀಕ್ಷಿಸುವ ಕೆಲಸ ಮಾರಾಟದ ಭಾಗವೇ. ಅದಕ್ಕೆ ಮತ್ತೆ 45 ಸಾವಿರ ಹ್ಯಾಂಡ್ಲಿಂಗ್ ಎಂದು ಕೊಡಬೇಕಾದ ಕಾರಣ ನನಗೆ ಕಾಣುತ್ತಿಲ್ಲ. ‘ಇದು ಯಾವ ಸೇವೆಗೆ, ಯಾವ ನಿಯಮದಡಿ? ಇದಕ್ಕೆ ಪ್ರತ್ಯೇಕ ಬಿಲ್ ಕೊಡುತ್ತೀರಾ?’ ಎಂದು ಸಮಾಧಾನದಿಂದ ಕೇಳಿ. ಈ ಪ್ರಶ್ನೆ ಕೇಳಿದ ಬಹುತೇಕ ಕಡೆ ಆ ಸಾಲು ಹಾಳೆಯಿಂದ ಮಾಯವಾಗುತ್ತದೆ. ಹಾಗೆಯೇ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ನಂಬರ್ ಪ್ಲೇಟ್‌ಗೆ ಬೇರೆ ಹಣ ಬರೆದಿದ್ದರೆ ತೆಗೆಸಿ. 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಅದನ್ನು ತಯಾರಕರೇ ಕೊಡಬೇಕು, ಅದರ ಬೆಲೆ ಗಾಡಿಯ ಬೆಲೆಯಲ್ಲೇ ಸೇರಿರುತ್ತದೆ.

ಆಕ್ಸೆಸರಿ ಕಿಟ್‌ನಲ್ಲಿ ಏನೇನಿದೆ ಎಂದು ಪಟ್ಟಿ ಕೇಳಿ. ಮ್ಯಾಟ್, ಮಡ್‌ಫ್ಲಾಪ್, ಬಣ್ಣಕ್ಕೆ ಕೋಟಿಂಗ್, ಹೀಗೆ ಹತ್ತಾರು ವಸ್ತುಗಳನ್ನು ಒಂದು ಕಟ್ಟು ಮಾಡಿರುತ್ತಾರೆ. ತೋಟದ ದಾರಿಯಲ್ಲಿ ರೆಂಬೆ ಮುಳ್ಳು ತಾಗುವ ನಿಮ್ಮ ಗಾಡಿಗೆ ಬಣ್ಣ ಕಾಯುವ ಫಿಲ್ಮ್ ಉಪಯೋಗಕ್ಕೆ ಬರಬಹುದು, ಆದರೆ ಹೊರಗೆ ಎಷ್ಟಾಗುತ್ತದೆ ಎಂದು ವಿಚಾರಿಸಿ. ಬೇಕಾದ್ದನ್ನು ಮಾತ್ರ ಬಿಡಿಯಾಗಿ ಕೊಳ್ಳಿ.

ವಾರಂಟಿ ಮತ್ತು ಸರ್ವಿಸ್ ಪ್ಯಾಕೇಜ್ ಬಗ್ಗೆ ನನ್ನ ಸಲಹೆ ಸ್ವಲ್ಪ ಬೇರೆ. ಇಂಥ ಕಾರುಗಳಲ್ಲಿ ಏರ್ ಸಸ್ಪೆನ್ಷನ್, ಗೇರ್‌ಬಾಕ್ಸ್, ಎಲೆಕ್ಟ್ರಾನಿಕ್ಸ್ ಕೆಟ್ಟರೆ ಖರ್ಚು ಲಕ್ಷಗಳಲ್ಲಿ ಬರುತ್ತದೆ. ಐದಾರು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ ಕಂಪನಿಯದೇ ಆದ ವಿಸ್ತರಿತ ವಾರಂಟಿ ತೆಗೆದುಕೊಳ್ಳುವುದು ಜಾಣತನ. ಡೀಲರ್ ತಾನೇ ಕೊಡುವ ವಾರಂಟಿಗೂ ಕಾರು ಕಂಪನಿಯ ವಾರಂಟಿಗೂ ವ್ಯತ್ಯಾಸವಿದೆ, ಕಾಗದದಲ್ಲಿ ಯಾರ ಹೆಸರಿದೆ ನೋಡಿ. ಇಂದೇ ಕೊಳ್ಳಬೇಕೋ, ಮೊದಲ ವಾರಂಟಿ ಮುಗಿಯುವ ಮೊದಲು ಕೊಂಡರೆ ಸಾಕೋ ಎಂದೂ ಕೇಳಿ.

ಮೂಡಿಗೆರೆಯಲ್ಲಿರುವ ನಿಮಗೆ ಇನ್ನೊಂದು ವಿಷಯ ಮುಖ್ಯ. ಸರ್ವಿಸ್ ಸೆಂಟರ್ ಇರುವುದು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ. ಗಾಡಿಯನ್ನು ಮನೆಯಿಂದ ತೆಗೆದುಕೊಂಡು ಹೋಗಿ ಸರ್ವಿಸ್ ಮಾಡಿ ತಂದುಕೊಡುವ ಸೌಲಭ್ಯವನ್ನು ಮೊದಲ ಮೂರು ವರ್ಷ ಉಚಿತವಾಗಿ ಕೊಡುವಂತೆ ಬರೆಸಿಕೊಳ್ಳಿ. ಮ್ಯಾಟ್, ಕೀಚೈನ್‌ಗಿಂತ ಇದು ಎಷ್ಟೋ ಪಾಲು ಬೆಲೆಬಾಳುತ್ತದೆ.

ಕಾರಿನ ಬೆಲೆಯಲ್ಲಿ ರಿಯಾಯಿತಿ

‘ವಿದೇಶಿ ಗಾಡಿ, ಡಿಸ್ಕೌಂಟ್ ಇರಲ್ಲ’ ಎಂಬ ಮಾತಿಗೆ ಬರೋಣ. ಹೆಸರು ವಿದೇಶದ್ದಾದರೂ ಹೆಚ್ಚು ಮಾರಾಟವಾಗುವ ಐಷಾರಾಮಿ ಎಸ್‌ಯುವಿಗಳ ಜೋಡಣೆ ಭಾರತದಲ್ಲೇ ನಡೆಯುತ್ತದೆ. ಬಿಎಂಡಬ್ಲ್ಯು ಚೆನ್ನೈ ಬಳಿ, ಮರ್ಸಿಡಿಸ್ ಬೆಂಝ್ ಪುಣೆಯ ಚಾಕಣದಲ್ಲಿ, ಔಡಿ ಛತ್ರಪತಿ ಸಂಭಾಜಿನಗರದಲ್ಲಿ, ವೋಲ್ವೋ ನಮ್ಮ ಹೊಸಕೋಟೆಯಲ್ಲೇ ಕಾರು ಜೋಡಿಸುತ್ತವೆ. ರಿಯಾಯಿತಿ ಇದೆಯೋ ಇಲ್ಲವೋ ಎಂಬುದು ಗಾಡಿಯ ಮೂಲ ದೇಶದ ಮೇಲೆ ನಿಂತಿಲ್ಲ, ಮಾರಾಟದ ಪದ್ಧತಿಯ ಮೇಲೆ ನಿಂತಿದೆ.

ಮರ್ಸಿಡಿಸ್ ಬೆಂಝ್ 2021ರ ಅಕ್ಟೋಬರ್‌ನಿಂದ ಭಾರತದಲ್ಲಿ ಗಿರಾಕಿಗೆ ನೇರವಾಗಿ ಮಾರುವ ಪದ್ಧತಿ ತಂದಿದೆ. ದಾಸ್ತಾನು ಕಂಪನಿಯದು, ಬಿಲ್ ಕಂಪನಿಯದು, ಬೆಲೆ ದೇಶದಲ್ಲೆಲ್ಲ ಒಂದೇ. ಶೋರೂಂಗೆ ಸಿಗುವುದು ಕಮಿಷನ್. ಅಲ್ಲಿ ಮ್ಯಾನೇಜರ್ ಜೊತೆ ಬೆಲೆಗಾಗಿ ವಾದಿಸಿ ಫಲವಿಲ್ಲ. ಕಂಪನಿಯ ಆಫರ್ ಏನಿದೆ ಎಂದು ಕೇಳಿ, ಹಳೆಯ ಗಾಡಿಯ ಬೆಲೆ, ವಿಮೆ, ಸಾಲದ ಬಡ್ಡಿ ಇವುಗಳ ಬಗ್ಗೆ ಮಾತಾಡಿ. ಬೇರೆ ಹೆಚ್ಚಿನ ಕಂಪನಿಗಳಲ್ಲಿ ಡೀಲರ್ ತನ್ನ ಹಣ ಹಾಕಿ ಗಾಡಿ ತರಿಸಿ ದಾಸ್ತಾನು ಇಟ್ಟಿರುತ್ತಾನೆ, ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿರುತ್ತಾನೆ. ತಿಂಗಳ, ಮೂರು ತಿಂಗಳ ಗುರಿ ಮುಟ್ಟಿದರೆ ಕಂಪನಿಯಿಂದ ಪ್ರೋತ್ಸಾಹಧನ ಸಿಗುತ್ತದೆ. ಅಂಥಲ್ಲಿ ಮಾತಿಗೆ ಜಾಗವಿದೆ. ನೀವು ಹೋದ ಶೋರೂಂನಲ್ಲಿ ಹೊರಡುವಾಗ ಎರಡು ಲಕ್ಷ ಬಿಡುತ್ತೇವೆ ಎಂದರಲ್ಲ, ಆ ಮಾತೇ ಜಾಗವಿದೆ ಎಂಬುದಕ್ಕೆ ಸಾಕ್ಷಿ.

ರಿಯಾಯಿತಿ ಯಾವ ರೂಪದಲ್ಲಿ ಸಿಗುತ್ತದೆ ಎಂಬುದೂ ಮುಖ್ಯ. ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲೇ ಕಡಿಮೆ ಮಾಡಿಸಿ. 70 ಲಕ್ಷದ ಎಕ್ಸ್-ಶೋರೂಂ ಬೆಲೆಯಲ್ಲಿ ಗಾಡಿಯ ಮೂಲಬೆಲೆ 50 ಲಕ್ಷ, ಜಿಎಸ್‌ಟಿ ಶೇ 40ರಂತೆ 20 ಲಕ್ಷ. ಇನ್‌ವಾಯ್ಸ್‌ನಲ್ಲಿ ನಿಮಗೆ 3.50 ಲಕ್ಷ ಕಡಿಮೆಯಾದರೆ ಮೂಲಬೆಲೆಯಲ್ಲಿ ಕಡಿಮೆಯಾಗುವುದು 2.50 ಲಕ್ಷ, ಉಳಿದ ಒಂದು ಲಕ್ಷ ಜಿಎಸ್‌ಟಿಯಲ್ಲಿ ಇಳಿಯುತ್ತದೆ. ಹಾಗಾಗಿ ಮಾರುವವರಿಗೂ ಇದರ ಭಾರ ಪೂರ್ತಿ ಬೀಳುವುದಿಲ್ಲ. ‘ಮೂರು ಲಕ್ಷದ ಲಾಭ’ ಎಂದು ಆಕ್ಸೆಸರಿ, ಕೂಪನ್, ಉಚಿತ ಪಾಲಿಶ್ ಸೇರಿಸಿ ಹೇಳಿದರೆ ಅದನ್ನು ಮೂರು ಲಕ್ಷ ಎಂದು ಎಣಿಸಬೇಡಿ.

ಇನ್ನು ಕಾಲದ ಮಾತು. ನಮ್ಮಲ್ಲಿ ಆಷಾಢದಲ್ಲಿ ಹೊಸ ಗಾಡಿ ತರುವವರು ಕಡಿಮೆ. ವರಮಹಾಲಕ್ಷ್ಮಿ, ಆಯುಧಪೂಜೆ, ದೀಪಾವಳಿ, ಯುಗಾದಿಗೆ ಶೋರೂಂಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಲೆಯ ಮಾತಿಗೆ ಖಾಲಿ ಶೋರೂಂ ಒಳ್ಳೆಯದು. ಮನೆಯ ಹಿರಿಯರು ಒಪ್ಪಿದರೆ ಆಷಾಢದಲ್ಲೇ ಬಿಲ್ ಮಾಡಿಸಿ, ಶ್ರಾವಣದಲ್ಲಿ ಪೂಜೆ ಮಾಡಿ ಮನೆ ತುಂಬಿಸಿಕೊಳ್ಳಬಹುದು. ತಿಂಗಳ ಕೊನೆಯ ವಾರವೂ ಒಳ್ಳೆಯದೇ. ಡಿಸೆಂಬರ್ ವಿಶೇಷವಾಗಿ ಒಳ್ಳೆಯದು. ಜರ್ಮನ್ ಕಂಪನಿಗಳಿಗೆ ವರ್ಷದ ಲೆಕ್ಕ ಅಲ್ಲಿಗೆ ಮುಗಿಯುತ್ತದೆ, ಆ ವರ್ಷ ತಯಾರಾದ ಗಾಡಿಗಳು ಜನವರಿ ಬಂದರೆ ಒಂದು ವರ್ಷ ಹಳೆಯವಾಗುತ್ತವೆ. ಆದರೆ ಡಿಸೆಂಬರ್‌ನಲ್ಲಿ ಕೊಂಡ ಗಾಡಿಯನ್ನು ಮುಂದೆ ಮಾರುವಾಗಲೂ ಅದೇ ಒಂದು ವರ್ಷ ಲೆಕ್ಕಕ್ಕೆ ಬರುತ್ತದೆ. ಏಳೆಂಟು ವರ್ಷ ಇಟ್ಟುಕೊಳ್ಳುವವರಿಗೆ ಅದು ದೊಡ್ಡ ವಿಷಯವಲ್ಲ.

ಸ್ನೇಹಿತರ ಆರು ಲಕ್ಷ

ಸಕಲೇಶಪುರದ ನಿಮ್ಮ ಸ್ನೇಹಿತರು ಸುಳ್ಳು ಹೇಳುತ್ತಿದ್ದಾರೆ ಎನ್ನಲಾರೆ. ಆದರೆ ಅವರ ಲೆಕ್ಕ ನಿಮ್ಮ ಲೆಕ್ಕಕ್ಕೆ ಹೊಂದುತ್ತದೆಯೇ ಎಂದು ನೋಡಿ. ಅವರು 2025ರ ಸೆಪ್ಟೆಂಬರ್ 22ಕ್ಕಿಂತ ಮೊದಲು ಕೊಂಡಿದ್ದರೆ ಆಗ ಇಂಥ ಎಸ್‌ಯುವಿಗಳ ಮೇಲೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 50 ತೆರಿಗೆ ಇತ್ತು. ಆ ದಿನದಿಂದ ಸೆಸ್ ಹೋಗಿ ಶೇ 40 ಆಯಿತು, ಬೆಲೆಗಳೇ ಇಳಿದವು. ಅವರ ಗಾಡಿ ಹಿಂದಿನ ವರ್ಷ ತಯಾರಾದದ್ದೋ, ಟೆಸ್ಟ್ ಡ್ರೈವ್‌ಗೆ ಬಳಸಿದ್ದೋ, ಹೊಸ ಮಾದರಿ ಬರುವ ಮುಂಚಿನದ್ದೋ ಇರಬಹುದು. ಆರು ಲಕ್ಷದಲ್ಲಿ ಹಳೆಯ ಗಾಡಿಯ ಎಕ್ಸ್‌ಚೇಂಜ್ ಬೋನಸ್ಸೂ ಸೇರಿರಬಹುದು. ಸಾಧ್ಯವಾದರೆ ಅವರ ಇನ್‌ವಾಯ್ಸ್ ನೋಡಿ, ಮಾತಿಗಿಂತ ಅದು ಸ್ಪಷ್ಟ.

ನ್ಯಾಯವಾದ ಬೆಲೆಗೆ ಪುಸ್ತಕದಲ್ಲಿ ಬರೆದಿಟ್ಟ ಒಂದು ಅಂಕಿ ಇಲ್ಲ. ಒಂದೇ ಕಂಪನಿಯ ಕನಿಷ್ಠ ಇಬ್ಬರು ಡೀಲರ್‌ಗಳು, ಒಂದೇ ಮಾದರಿ, ಒಂದೇ ತಿಂಗಳ ತಯಾರಿಕೆಯ ಗಾಡಿಗೆ, ಬರವಣಿಗೆಯಲ್ಲಿ ಕೊಟ್ಟ ಕೊನೆಯ ಬೆಲೆಗಳು ಎಲ್ಲಿ ಹತ್ತಿರ ಬರುತ್ತವೋ ಅದೇ ನ್ಯಾಯವಾದ ಬೆಲೆ. ಬೆಂಗಳೂರಿನಲ್ಲಿ ಇನ್ನೊಬ್ಬ ಡೀಲರ್ ಇದ್ದರೆ ಅವರನ್ನು, ಮಂಗಳೂರಿನಲ್ಲಿದ್ದರೆ ಅವರನ್ನೂ ಕೇಳಿ. ಅದಕ್ಕಿಂತ ಕೆಳಗೆ ಹಿಂಡಲು ಹೋದರೆ ಆ ಹಣವನ್ನು ಅವರು ವಿಮೆಯಲ್ಲೋ ಸಾಲದಲ್ಲೋ ವಸೂಲು ಮಾಡಿಕೊಳ್ಳುತ್ತಾರೆ. ಅವರಿಗೂ ಬಾಡಿಗೆ, ಸಂಬಳ ಇದೆ. ಮುಂದಿನ ಏಳೆಂಟು ವರ್ಷ ಗಾಡಿಯ ಸೇವೆಗೆ ಅವರ ಬಳಿಯೇ ಹೋಗಬೇಕು. ಒಂದಿಷ್ಟು ಲಾಭ ಅವರಿಗೂ ಉಳಿಯಲಿ.

ಸಾಲ ಮತ್ತು ಹಳೆಯ ಇನ್ನೋವಾ

ಕಾರಿನ ಬೆಲೆ, ಹಳೆಯ ಗಾಡಿಯ ಬೆಲೆ, ಸಾಲದ ಕಂತು, ಈ ಮೂರನ್ನು ಒಟ್ಟಿಗೆ ಮಾತಾಡಿದರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಕಿತ್ತುಕೊಳ್ಳುವುದು ಸುಲಭ. ಮೊದಲು ಕಾರಿನ ಬೆಲೆ ಬರೆದು ಮುಗಿಯಲಿ. ಇನ್ನೋವಾಕ್ಕೆ ಊರಿನಲ್ಲಿ ಇಬ್ಬರು ಮೂವರನ್ನು ಕೇಳಿ ಬೆಲೆ ತಿಳಿದಿಟ್ಟುಕೊಳ್ಳಿ. ಯಾರಿಗೇ ಕೊಟ್ಟರೂ ಫಾರ್ಮ್ 29 ಮತ್ತು 30ಕ್ಕೆ ಸಹಿಯಾಗಿ, ಆರ್‌ಸಿ ವರ್ಗಾವಣೆ ಆಗುವವರೆಗೆ ಬೆನ್ನು ಹತ್ತಿ. ಅಲ್ಲಿಯವರೆಗೆ ಕಾಗದದಲ್ಲಿ ಮಾಲೀಕರು ನೀವೇ.

ಸಾಲ ಬೇಕಿದ್ದರೆ ನಿಮ್ಮ ಬ್ಯಾಂಕಿನಿಂದ ಮೊದಲೇ ಮಂಜೂರಾತಿ ಪತ್ರ ತನ್ನಿ. ಬಡ್ಡಿ ಶೇ 9 ಇರುವುದಕ್ಕೂ ಶೇ 9.5 ಇರುವುದಕ್ಕೂ 50 ಲಕ್ಷದ ಐದು ವರ್ಷದ ಸಾಲದಲ್ಲಿ ಸುಮಾರು 73 ಸಾವಿರ ರೂಪಾಯಿ ವ್ಯತ್ಯಾಸ ಬರುತ್ತದೆ. ಫ್ಲ್ಯಾಟ್ ದರ, ಅಂದರೆ ಮೊದಲ ಸಾಲದ ಪೂರ್ತಿ ಮೊತ್ತದ ಮೇಲೆ ಕೊನೆಯವರೆಗೂ ಹಾಕುವ ಬಡ್ಡಿ, ಹೇಳಿದರೆ ಎಚ್ಚರ. ಐದು ವರ್ಷಕ್ಕೆ ಶೇ 5.5 ಫ್ಲ್ಯಾಟ್ ಎಂದರೆ ಇಳಿಯುವ ಬಾಕಿಯ ಲೆಕ್ಕದಲ್ಲಿ ಅದು ಶೇ 10. ಕಾಫಿ ಹಣ ವರ್ಷಕ್ಕೊಮ್ಮೆ ಬರುವ ನಿಮಗೆ ಆರು ತಿಂಗಳಿಗೊಮ್ಮೆ ಕಂತು ಕಟ್ಟುವ ಅನುಕೂಲವಿದೆಯೇ ಎಂದೂ ಬ್ಯಾಂಕನ್ನು ಕೇಳಿ. ಬೆಲೆ ಬಿದ್ದ ವರ್ಷದಲ್ಲೂ ಕಟ್ಟಬಹುದಾದಷ್ಟೇ ಸಾಲ ಮಾಡಿ. ಈ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹಳೆಯ ಸಾಲ ಈಗಷ್ಟೇ ತೀರಿದೆ ಎಂದು ನೀವೇ ಬರೆದಿದ್ದೀರಿ.

ಮಾತು ಹೀಗಿರಲಿ

ಬಾಯಿ ಬರುವುದಿಲ್ಲ ಎಂದಿದ್ದೀರಿ. ಹಾಗಾದರೆ ಮೊದಲ ಮಾತನ್ನು ಇಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಆಡಿ. ಎಲ್ಲ ಡೀಲರ್‌ಗಳಿಗೂ ಒಂದೇ ಸಂದೇಶ ಕಳಿಸಿ: ‘ಈ ಮಾದರಿ, ಈ ಬಣ್ಣ ನನಗೆ ಬೇಕು. ನಿಮ್ಮಲ್ಲಿರುವ ಗಾಡಿ ಯಾವ ತಿಂಗಳು ತಯಾರಾದದ್ದು? ಇನ್‌ವಾಯ್ಸ್ ಬೆಲೆ ಎಷ್ಟು, ರಸ್ತೆ ತೆರಿಗೆ ಎಷ್ಟು, ಬೇರೆ ಏನಿದ್ದರೂ ಸಾಲು ಸಾಲಾಗಿ ಬರೆದು ಕಳಿಸಿ. ವಿಮೆ ಮತ್ತು ಆಕ್ಸೆಸರಿ ಸದ್ಯಕ್ಕೆ ಸೇರಿಸಬೇಡಿ.’ ಉತ್ತರ ಬಂದ ಮೇಲೆ ಹೋಗಿ. ನಿಮ್ಮ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಮೋಸದ ಭಯ ಇರುವವರು ಕಾಗದವನ್ನು ಗಮನವಿಟ್ಟು ಓದುತ್ತಾರೆ. ಅಪ್ಪನನ್ನೂ ಕರೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿ, ಹದಗೆಟ್ಟ ರಸ್ತೆಯಲ್ಲಿ ಓಡಿಸಿ ನೋಡಿ. ಈ ಗಾಡಿ ಅವರಿಗಾಗಿ ತಾನೇ?

ಮ್ಯಾನೇಜರ್ ಎದುರು ಕೂತಾಗ ಹೀಗೆ ಹೇಳಿ: ‘ಸರ್, ಗಾಡಿ ನಮಗೆ ಇಷ್ಟವಾಗಿದೆ. ಇನ್ನೊಂದು ಕಡೆ ಇಷ್ಟಕ್ಕೆ ಬರೆದು ಕೊಟ್ಟಿದ್ದಾರೆ. ನಿಮ್ಮಲ್ಲೇ ತಗೋಬೇಕು ಅಂತ ಮನಸ್ಸಿದೆ. ಇನ್‌ವಾಯ್ಸ್‌ನಲ್ಲಿ ನಿಮ್ಮ ಕೊನೆಯ ಬೆಲೆ ಬರೆದು ಕೊಡಿ, ಸರಿ ಬಂದರೆ ಈ ವಾರವೇ ಮುಂಗಡ ಕೊಡುತ್ತೇವೆ.’ ಇಷ್ಟು ಹೇಳಿ ಸುಮ್ಮನೆ ಕೂರಿ. ಇಲ್ಲದ ಕೊಟೇಶನ್ ಇದೆ ಎನ್ನಬೇಡಿ, ಇರುವುದನ್ನೇ ತೋರಿಸಿ. ಮಾರಾಟದ ಹುಡುಗರಿಗೆ ಬೆಲೆ ಇಳಿಸುವ ಅಧಿಕಾರ ಇರುವುದಿಲ್ಲ, ಅವರ ಮೇಲೆ ಸಿಟ್ಟಾಗಬೇಡಿ.

‘ಇವತ್ತೇ ಕೊನೆ’ ಎಂದರೆ ಆ ಆಫರನ್ನು ಬರೆದು ಕೊಡಿ ಎನ್ನಿ. ಇಂದು ಬಿಟ್ಟ ಎರಡು ಲಕ್ಷವನ್ನು ಗಂಭೀರ ಗಿರಾಕಿಗೆ ಮುಂದಿನ ವಾರವೂ ಬಿಡುತ್ತಾರೆ. ಬಿಡದಿದ್ದರೆ ಇನ್ನೊಬ್ಬ ಡೀಲರ್ ಇದ್ದಾರೆ. ರಾತ್ರಿ ಮನೆಯಲ್ಲಿ ಕೂತು ಮಾತಾಡದೆ ಮುಂಗಡ ಕೊಡಬೇಡಿ.

ಒಪ್ಪಿದ ಮೇಲೆ

ಬುಕಿಂಗ್ ಫಾರ್ಮ್ ಓದಿ. ‘ಡೆಲಿವರಿ ದಿನದ ಬೆಲೆ ಅನ್ವಯ’ ಎಂಬ ಸಾಲು ಅಲ್ಲಿ ಸಾಮಾನ್ಯವಾಗಿ ಇರುತ್ತದೆ. ಜನವರಿಯಲ್ಲಿ ಬೆಲೆ ಏರಿಸುವುದು ಈ ಕಂಪನಿಗಳ ವಾಡಿಕೆ. ಡೆಲಿವರಿ ದಿನಾಂಕ, ಆ ದಿನದವರೆಗೆ ಇದೇ ಬೆಲೆ, ತಡವಾದರೆ ಮುಂಗಡ ವಾಪಸು, ಈ ಮೂರನ್ನೂ ಬರೆಸಿಕೊಳ್ಳಿ. ಹಣವನ್ನು ಡೀಲರ್ ಸಂಸ್ಥೆಯ ಬ್ಯಾಂಕ್ ಖಾತೆಗೇ ಕಟ್ಟಿ. ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ.

ನೋಂದಣಿಗೆ ಮೊದಲು, ಹಗಲು ಬೆಳಕಿನಲ್ಲಿ ಗಾಡಿ ನೋಡಿ. ಚಾಸಿಸ್ ನಂಬರ್ ಬಿಲ್‌ಗೆ ಹೊಂದುತ್ತದೆಯೇ, ಎಷ್ಟು ಕಿಲೋಮೀಟರ್ ಓಡಿದೆ, ಬಣ್ಣದಲ್ಲಿ ಎಲ್ಲಾದರೂ ವ್ಯತ್ಯಾಸವಿದೆಯೇ, ಟೈರಿನ ಮೇಲೆ ಅಚ್ಚಾಗಿರುವ ವಾರ ಮತ್ತು ವರ್ಷ ಯಾವುದು ನೋಡಿ. ಮಾರಾಟ ಪ್ರಮಾಣಪತ್ರವಾದ ಫಾರ್ಮ್ 21ರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ನೋಂದಣಿ ಆದ ಮೇಲೆ ಗಾಡಿ ಬದಲಾಯಿಸಿಕೊಳ್ಳುವುದು ಬಹಳ ಕಷ್ಟ.

ಇಷ್ಟೆಲ್ಲ ಮಾಡಿಯೂ ಮೋಸವಾಯಿತು ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೊಟ್ಟ ಬೆಲೆ 50 ಲಕ್ಷ ಮೀರಿ 2 ಕೋಟಿಯೊಳಗಿದ್ದರೆ ದೂರು ಹೋಗುವುದು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಗ್ರಾಹಕ ಆಯೋಗಕ್ಕೆ. ಅಲ್ಲಿ ನಿಲ್ಲುವುದು ಬರವಣಿಗೆ ಮಾತ್ರ. ಹಾಗಾಗಿ ಪ್ರತಿ ಕೊಟೇಶನ್, ಪ್ರತಿ ಸಂದೇಶ, ಪ್ರತಿ ರಸೀದಿ ಜೋಪಾನ ಮಾಡಿ.

ಕೊನೆಯದಾಗಿ ನನ್ನ ತೀರ್ಮಾನ ಇದು. ನೀವು ಈಗ ಹಿಡಿದಿರುವ 92 ಲಕ್ಷದ ಹಾಳೆಗೆ ಸಹಿ ಹಾಕಬೇಡಿ. ಹ್ಯಾಂಡ್ಲಿಂಗ್ ತೆಗೆಸಿ, ಕಿಟ್ ಒಡೆಸಿ, ವಿಮೆಗೆ ಮೂರು ದರ ತನ್ನಿ, ಇನ್ನೊಬ್ಬ ಡೀಲರಿನಿಂದ ಬರವಣಿಗೆಯ ಬೆಲೆ ಪಡೆಯಿರಿ, ಕಟ್ಟಿದ ಟಿಸಿಎಸ್ ಅನ್ನು ರಿಟರ್ನ್‌ನಲ್ಲಿ ಕೇಳಿ. ಲೆಕ್ಕ ಕೇಳುವುದು ನಿಮ್ಮ ಹಕ್ಕು, ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಧೈರ್ಯವಾಗಿ ಕೇಳಿ, ಬರೆದು ಕೊಟ್ಟದ್ದನ್ನು ಮಾತ್ರ ನಂಬಿ.